ತಂದು ತೋರ್ಸಿದ್ರ ಪಾಯಿಂಟು

ಕುಷ್ಟಗಿಯಿಂದ ಗಂಗಾವತಿಗೆ ನಮ್ಮನಿಗೆ ಬಂದಿದ್ದ ನಾದಿನಿ ಮೊಬೈಲಿನ್ಯಾಗ ನೋಡಿದ ಒಂದು ಆಟ ಕಲಿಸಿದ್ಲು. ಓ, ಎ, ಟಿ, ಈ ಮೂರೂ ಅಕ್ಷರ ಇರೋ ಇಂಗ್ಲಿಷ್ ಶಬ್ದ ಯಾರು ಹೆಚ್ಚು ಹೇಳ್ತಾರೋ ಅವರು ಗೆದ್ದಂಗ. ಪಡಸಾಲ್ಯಾಗ ಅಕ್ಕಿ ಹಸನ ಮಾಡ್ಕೋತ ಕುಂತಿದ್ದ ನಾವಿಬ್ರೂ ಸ್ವಲ್ಪದ್ರಾಗ ಜಗಳಕ್ಕ ಬಿದ್ವಿ. ಆಕಿ ಶಬ್ದ ಸುಳ್ಳು ಅಂತ ನಾನು, ನಂದು ಸುಳ್ಳು ಅಂತ ಆಕಿ. ನ್ಯಾಯ ಅತ್ತಿ ಮುಂದ ಹೋತು. ಅತ್ತಿಗೆ ಇಂಗ್ಲಿಷ್ ಬರಂಗಿಲ್ಲ, ಆದ್ರ ನ್ಯಾಯ ಹೇಳೂದು ಬಿಡಂಗಿಲ್ಲ.

"ಬರೇ ಮಾತು ಬ್ಯಾಡ. ವಸ್ತು ತಂದು ತೋರಿಸ್ರಿ," ಅಂದ್ರು.

ತಗೋ, ಓಡಾಟ ಶುರು ಆತು. ನಾ ಅಡಿಗಿಮನಿಯಿಂದ ಟೊಮ್ಯಾಟೊ ತಂದೆ, ಆಕಿ ಪೊಟ್ಯಾಟೊ ತಂದ್ಲು. ನಾ ಟ್ರಂಕ್ ತಗದು ಮಾವನವರ ಮದಿವಿ ಕೋಟು ಹಾಕ್ಕೊಂಡು ಬಂದೆ. ಅದರ ತೋಳು ನನ್ನ ಮೊಣಕಾಲ ತನಕ ಜೋತಾಡ್ತಿದ್ವು. ಅಷ್ಟ್ರಾಗ ನಾದಿನಿ ಬಾಜೂಮನಿ ಚಾಚಿಯ ಆಡು ಎಳಕೊಂಡು ಬಂದು, "ಗೋಟ್" ಅಂದ್ಲು. ಆಡು ನನ್ನ ಟೊಮ್ಯಾಟೊ ತಿಂದು, ಮೊರದಾಗಿನ ಅಕ್ಕಿಗೆ ಬಾಯಿ ಹಾಕ್ತು.

"ತಿಂದದ್ದು ಲೆಕ್ಕಕ್ಕಿಲ್ಲ," ಅಂತ ಅತ್ತಿ ನನ್ನ ಪಾಯಿಂಟು ಕಿತ್ತುಕೊಂಡ್ರು.

ನನಗ ಭಾಳ ಸಿಟ್ಟು ಬಂತು. ಕೋಟಿನ ತೋಳು ಬೀಸ್ಕೋತ ಆಡು ಓಡಸಾಕ ಹತ್ತಿದೆ. ಅದನ್ನ ನೋಡಿ ಅತ್ತಿ ಬಾಯಿ ತಗದು ನಗಾಕ ಹತ್ತಿದ್ರು. ನಾ ಆ ಬಾಯಿಗೆ ಬೆರಳು ತೋರಿಸಿ, "ಥ್ರೋಟ್ ರಿ ಅತ್ತಿ, ಗಂಟಲ. ಒಳಗ ಕಾಣಾಕತ್ತೈತಿ," ಅಂದೆ.

ಅತ್ತಿ ಟಪ್ಪನೆ ಸೆರಗಿನಿಂದ ಬಾಯಿ ಮುಚ್ಚಿಕೊಂಡ್ರು. ಸೆರಗಿನ ಹಿಂದಿಂದ ಕೇಳಿದ್ರು, "ಎಲ್ಲೈತಿ? ತೋರ್ಸು."