ಹಸಿರು ಗುರುತು ಸುಳ್ಳು ಹೇಳಿದ ದಿನ

ಇವತ್ತು ಮುಂಜಾನೆ ಅಫಜಲಪುರದ ಬಸ್ ನಿಲ್ದಾಣದಲ್ಲಿಳಿದು ಕಾಲೇಜಿನ ಕಡೆ ನಡೆಯುತ್ತಿದ್ದಾಗ ಗಾಳಿಯಲ್ಲಿ ಹೊಸನೀರಿನ ವಾಸನೆ ಬಂತು. ಮಳೆಯ ವಾಸನೆ ಬೇರೆ, ಇದು ಬೇರೆ. ಮೇಲಿನ ಸೀಮೆಯಲ್ಲೆಲ್ಲೋ ಬಿದ್ದ ಮಳೆ ಭೀಮೆಗೆ ಇಳಿದು, ಮಣ್ಣು, ಕಸ, ಕಬ್ಬಿನ ಒಣ ಎಲೆಯ ರವದಿ ಎಲ್ಲವನ್ನೂ ಎಳೆದುಕೊಂಡು ಬರುವಾಗಿನ ವಾಸನೆ ಇದು. ನಮ್ಮ ಅಂಗಳದಲ್ಲಿ ಹನಿ ಬೀಳದಿದ್ದರೂ ಹೊಳೆ ತುಂಬುತ್ತದೆ. ನಾನು ನಿಂಬರ್ಗಾದವಳು. ಆಳಂದ ಸೀಮೆಯ ನಮಗೆ ತೊಗರಿ ಹೊಲ ಗೊತ್ತು, ಹೊಳೆ ಗೊತ್ತಿಲ್ಲ. ಕಂಪ್ಯೂಟರ್ ಕಲಿಸಲು ಇಲ್ಲಿಗೆ ಬಂದ ಮೇಲೆಯೇ ಈ ವಾಸನೆಯ ಗುರುತಾದದ್ದು. ಇದು ಮೂಗಿಗೆ ಬಂದ ಕೂಡಲೇ ನಾನು ಲ್ಯಾಬಿನ ಕಡೆ ಬಿರಬಿರನೆ ನಡೆಯತೊಡಗುತ್ತೇನೆ. ಯಾಕೆಂದು ಹೇಳುತ್ತೇನೆ, ಕೇಳಿ. ಕೇಳಿದ ಮೇಲೆ ನನ್ನ ಬಗ್ಗೆ ನಿಮಗಿರುವ ಗೌರವ ಸ್ವಲ್ಪ ಕಡಿಮೆಯಾದರೂ ಆಗಲಿ.

ಮೂರು ವರ್ಷದ ಹಿಂದಿನ ಮಾತು. ನಾವು ಮೂವರು ಸೇರಿ ಫೋನಿಗಾಗಿ ಒಂದು ಆ್ಯಪ್ ಮಾಡಿದ್ದೆವು. ಒಬ್ಬಳು ನಾನು. ಇನ್ನೊಬ್ಬಳು ಜಗದೇವಿ, ನನ್ನ ಪಿಯುಸಿ ಕಾಲದ ಗೆಳತಿ, ಜೇವರ್ಗಿ ತಾಲೂಕಿನ ಹಳ್ಳಿಗಳಲ್ಲಿ ನರ್ಸ್ ಆಗಿ ತಿರುಗುವವಳು. ಮೂರನೆಯವರು ಮಹಿಬೂಬ ಚಾಚಾ. ಹೊಳೆಯಲ್ಲಿ ನಿಲ್ಲಿಸಿದ ಅಳತೆಕಂಬ ನೋಡಿ ನೀರು ಎಷ್ಟು ಅಡಿ ಏರಿದೆ, ಎಷ್ಟು ಇಳಿದಿದೆ ಎಂದು ಬರೆಯುವುದೇ ಅವರ ನೌಕರಿಯಾಗಿತ್ತು. ನಿವೃತ್ತರಾಗಿ ಕಾಲೇಜಿನ ಹಿಂದಿನ ಓಣಿಯಲ್ಲೇ ಇದ್ದರು. ಹೊಳೆ ಎಷ್ಟು ಅಡಿ ಏರಿದರೆ ಯಾವ ಊರಿನ ದಾರಿ ಮುಳುಗುತ್ತದೆ ಎನ್ನುವುದು ಅವರಿಗೆ ಬಾಯಿಪಾಠ. ಅವರು ಹೇಳಿದರು, ನಾನು ಬರೆದುಕೊಂಡು ಆ್ಯಪಿನೊಳಗೆ ತುಂಬಿದೆ, ಜಗದೇವಿ ಊರೂರಿಗೆ ಹೋಗಿ ಜನರ ಫೋನಿಗೆ ಹಾಕಿಕೊಟ್ಟಳು. ದಿನದ ನೀರಿನ ಮಟ್ಟ ಅದರೊಳಗೆ ಬರುತ್ತದೆ. ದಾರಿ ಹೋಗಲಿಕ್ಕೆ ಬಂದರೆ ಹಸಿರು, ಬರದಿದ್ದರೆ ಕೆಂಪು. ಓದು ಬಾರದವರಿಗೂ ತಿಳಿಯಬೇಕೆಂದು ಜಗದೇವಿಯೇ ಹಟ ಹಿಡಿದು ಬಣ್ಣ ಮಾಡಿಸಿದ್ದಳು.

ಆವತ್ತು ರವಿವಾರ. ಹೊಳೆ ಏರುತ್ತಿದೆ ಎಂದು ಸುದ್ದಿ ಬಂದಿತ್ತು. ಎಲ್ಲ ಸರಿಯಿದೆಯೋ ನೋಡೋಣ ಎಂದು ಕಾಲೇಜಿನ ಲ್ಯಾಬಿಗೆ ಬಂದು ಕುಳಿತೆ. ಚಾಚಾ ಹೇಳಿದ್ದನ್ನು ಬರೆದುಕೊಂಡ ಹಾಳೆಯನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಸಾಲು ತಾಳೆ ನೋಡುತ್ತಾ ಹೋದವಳು ಒಂದು ಕಡೆ ನಿಂತುಬಿಟ್ಟೆ. ಜೇವರ್ಗಿ ಕಡೆಯ ಒಂದು ಹಳ್ಳಿಗೆ ಹೋಗುವ ದಾರಿಯಲ್ಲಿ, ಹಳ್ಳಕ್ಕೆ ಅಡ್ಡವಾಗಿ ಪೈಪುಗಳ ಮೇಲೆ ಕಟ್ಟಿದ ತಗ್ಗು ಸೇತುವೆಯೊಂದಿದೆ. ಹೊಳೆ ಆರು ಅಡಿ ಆದರೆ ಹಿನ್ನೀರು ಅದರ ಮೇಲೆ ಬರುತ್ತದೆ ಎಂದು ಹಾಳೆಯಲ್ಲಿತ್ತು. ನಾನು ಆ್ಯಪಿನಲ್ಲಿ ಎಂಟು ಎಂದು ತುಂಬಿದ್ದೆ. ಕೆಳಗಿನ ಸಾಲಿನ ಅಂಕಿ ಮೇಲಿನ ಸಾಲಿಗೆ ಬಂದಿತ್ತು. ಆ ಮುಂಜಾನೆಯ ನೀರಿನ ಮಟ್ಟ ಆರರ ಹತ್ತಿರಕ್ಕೆ ಬಂದಾಗಿತ್ತು. ಫೋನಿನಲ್ಲಿ ಆ ದಾರಿ ಹಚ್ಚಹಸಿರಾಗಿತ್ತು.

ಎಂಟನ್ನು ಅಳಿಸಿ ಆರು ಮಾಡಲು ಎಷ್ಟು ಹೊತ್ತು? ಒಂದು ನಿಮಿಷವೂ ಬೇಡ. ಮಾಡಿದೆ. ಆದರೆ ನನ್ನ ಕಂಪ್ಯೂಟರಿನಲ್ಲಿ ಬದಲಾಯಿಸಿದ್ದು ಜನರ ಫೋನಿಗೆ ಹೋಗಬೇಕಾದರೆ ನಡುವೆ ಒಂದು ಕೆಲಸವಿದೆ. ನಾವು ಬರೆದ ಹತ್ತಾರು ಕಡತಗಳನ್ನು ಕೂಡಿಸಿ, ಪರೀಕ್ಷೆ ಮಾಡಿ, ಒಂದು ಗಂಟು ಕಟ್ಟಿ ಎಲ್ಲ ಫೋನುಗಳಿಗೆ ಕಳಿಸಬೇಕು. ಇದನ್ನು ತಾನಾಗಿಯೇ ಮಾಡುವ ಒಂದು ಸಾಧನ ಇರುತ್ತದೆ. ಬಿಲ್ಡ್ ಟೂಲ್ ಎನ್ನುತ್ತೇವೆ. ಒಂದು ಆಜ್ಞೆ ಕೊಟ್ಟರೆ ಸಾಕು. ಕೊಟ್ಟೆ. ಕ್ಷಣಾರ್ಧದಲ್ಲಿ ಹಸಿರು ಗುರುತು ಬಂತು: ಕೆಲಸ ಮುಗಿಯಿತು, ದೋಷ ಇಲ್ಲ. ನನ್ನ ಫೋನು ತೆಗೆದು ನೋಡಿದೆ. ಸೇತುವೆಯ ಮುಂದೆ ಅದೇ ಎಂಟು.

ಮತ್ತೆ ಕೊಟ್ಟೆ. ಮತ್ತೆ ಹಸಿರು. ಮತ್ತೆ ಎಂಟು.

ತಪ್ಪಿದ್ದರೆ ಟೂಲ್ ಕೆಂಪಕ್ಷರದಲ್ಲಿ ಬೈಯುತ್ತದೆ. “ಬೈಗುಳ ಬಂದರೆ ಹೆದರಬ್ಯಾಡ್ರಿ, ಸಾವಕಾಶ ಓದ್ರಿ, ಅದರಾಗೇ ಉತ್ತರ ಇರ್ತದ” ಎಂದು ಪ್ರತಿ ವರ್ಷ ಮಕ್ಕಳಿಗೆ ಪಾಠ ಹೇಳುವವಳು ನಾನು. ಬೈಗುಳವೇ ಇಲ್ಲದಿದ್ದರೆ ಏನು ಓದಬೇಕು? ನಗುನಗುತ್ತಾ ಎಲ್ಲ ಸರಿಯಿದೆ ಎನ್ನುವವರನ್ನು ಯಾವ ಪ್ರಶ್ನೆ ಕೇಳಬೇಕು? ಕಂಪ್ಯೂಟರ್ ಬಂದ್ ಮಾಡಿ ಚಾಲೂ ಮಾಡಿದೆ. ಫೋನಿನಲ್ಲಿದ್ದ ಆ್ಯಪ್ ತೆಗೆದು ಮತ್ತೆ ಹಾಕಿದೆ. ಇಂಟರ್ನೆಟ್ಟಿನಲ್ಲಿ ಹುಡುಕಿದೆ. ಅಲ್ಲಿ ಯಾರೋ ಪುಣ್ಯಾತ್ಮರು ಕಟ್ಟಿದ್ದೆಲ್ಲ ಅಳಿಸಿ ಮೊದಲಿನಿಂದ ಕಟ್ಟಿಸಿ ಎಂದು ಬರೆದಿದ್ದರು. ಹಾಗೆ ಮಾಡಿದರೆ ಬೇಕಾದ ಸಾಮಾನೆಲ್ಲ ಮತ್ತೆ ನೆಟ್ಟಿನಿಂದ ಇಳಿಸಿಕೊಳ್ಳಬೇಕು. ಆವತ್ತಿನ ನೆಟ್ಟಿನಲ್ಲಿ ಅದು ಸಂಜೆಯಾದರೂ ಮುಗಿಯುತ್ತಿರಲಿಲ್ಲ, ನಡುವೆ ಕರೆಂಟ್ ಹೋದರೆ ಇದ್ದದ್ದೂ ಹೋಯಿತು. ಅದಕ್ಕೆ ಕೈ ಹಾಕಲು ಧೈರ್ಯ ಬರಲಿಲ್ಲ. ಒಂದು ತಾಸು ಹೋಯಿತು, ಎರಡಾಯಿತು.

ನೀವು ಕೇಳಬಹುದು: ಅಷ್ಟು ಹೊತ್ತು ಒಂದು ಫೋನ್ ಮಾಡಬಾರದಿತ್ತೇ? ಜಗದೇವಿಗೆ ಒಂದು ಮಾತು ಹೇಳಬಾರದಿತ್ತೇ? ಮಾಡಬಹುದಿತ್ತು. ದಿನದ ನೀರಿನ ಮಟ್ಟ ಗಂಟು ಕಟ್ಟದೆಯೇ ನೇರ ಫೋನುಗಳಿಗೆ ಹೋಗುತ್ತದೆ, ಅದನ್ನೇ ಬೇಕೆಂದು ಹೆಚ್ಚಿಗೆ ತೋರಿಸಿ ಎಲ್ಲ ದಾರಿಗಳನ್ನೂ ಕೆಂಪು ಮಾಡಿಬಿಡಬಹುದಿತ್ತು. ಈಗ ಕುಳಿತು ಎಣಿಸಿದರೆ ನಾಲ್ಕು ದಾರಿ ಕಾಣುತ್ತವೆ. ಆವತ್ತು ಕಂಡದ್ದು ಒಂದೇ. ಯಾರಿಗೂ ಗೊತ್ತಾಗುವ ಮೊದಲು ಇದನ್ನು ಸರಿ ಮಾಡಿಬಿಡಬೇಕು. ಹೊಳೆಯ ಭಯ ನನಗಿರಲಿಲ್ಲ. ಮೇಡಂ ಮಾಡಿದ ಆ್ಯಪಿನಲ್ಲಿ ತಪ್ಪಿತ್ತಂತೆ ಎನ್ನುವ ಒಂದು ಮಾತಿನ ಭಯವಿತ್ತು. ಹೀಗೆ ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಆದರೆ ಇದ್ದದ್ದು ಅದೇ.

ಒಂದರ ಸುಮಾರಿಗೆ ಮಹಿಬೂಬ ಚಾಚಾ ಬಂದರು. ಕಂಕುಳಲ್ಲಿ ಅವರ ಹಳೆಯ ಅಳತೆಯ ಪುಸ್ತಕ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದು ನನ್ನ ಮುಖ ನೋಡಿದರು.

“ಹೊಳಿ ಆರು ದಾಟ್ಯದ ಬೇಟಿ. ನಮ್ಮ ಆ್ಯಪಿನಾಗ ಆ ತಗ್ಗಿನ ಸೇತುವಿ ಇನ್ನಾ ಹಸಿರು ತೋರಸ್ತದಲ್ಲ, ಯಾಕ?”

ಆಗ ಬಾಯಿ ಬಿಟ್ಟೆ. ತಪ್ಪು ತುಂಬಿದ್ದು, ತಿದ್ದಿದ್ದು, ತಿದ್ದಿದ್ದು ಹೋಗದೇ ಇರುವುದು, ಮುಂಜಾನೆ ಹತ್ತರಿಂದ ಕುಳಿತದ್ದು, ಎಲ್ಲ ಹೇಳಿದೆ. ಚಾಚಾ ಬೈಯಲಿಲ್ಲ. ಗೋಡೆಯ ಕ್ಯಾಲೆಂಡರಿನ ಕಡೆ ಒಂದು ಸಲ ನೋಡಿ, “ಇವತ್ತು ರವಿವಾರ. ಜಗದೇವಿ ಕಣ್ಣಿನ ತಪಾಸಣಿಗೆ ಮುದುಕ್ಯಾರನ್ನ ಕರಕೊಂಡು ಬರ್ತೇನಿ ಅಂದಿದ್ಲು. ಯಾವ ಊರದು?” ಎಂದರು.

ಅದೇ ಊರು. ಅವಳು ನನಗೂ ಹೇಳಿದ್ದಳು. ನನಗೆ ನೆನಪೇ ಆಗಿರಲಿಲ್ಲ.

ಫೋನ್ ಹಚ್ಚಿದೆ. ಸಂಪರ್ಕ ಸಿಗುತ್ತಿಲ್ಲ ಎಂದು ಆ ನಯವಾದ ಹೆಣ್ಣು ದನಿ. ಮತ್ತೆ ಹಚ್ಚಿದೆ. ಅದೇ ದನಿ. ಚಾಚಾ ತಮ್ಮ ಫೋನ್ ತೆಗೆದು, ನಂಬರು ಬಾಯಿಪಾಠದಿಂದಲೇ ಒತ್ತುತ್ತಾ, ಆ ದಾರಿಯ ಮೇಲಿನ ಚಹಾದ ಹೋಟೆಲಿನವನಿಗೆ, ಆ ಊರಿನ ಒಬ್ಬ ಹಳೆಯ ದೋಸ್ತನಿಗೆ, ಇನ್ನೂ ಯಾರ್‍ಯಾರಿಗೋ ಮಾತನಾಡತೊಡಗಿದರು. “ಸೇತುವಿ ಮ್ಯಾಲ ಯಾರನ್ನೂ ಬಿಡಬ್ಯಾಡ್ರಿ. ಫೋನಿನಾಗ ಬಂದದ್ದು ತಪ್ಪ ಅದ. ಹೌದ್ರಿ, ನಮ್ಮದೇ ತಪ್ಪು.” ನಮ್ಮದೇ ಎಂದರು. ಅವರ ತಪ್ಪು ಅದರಲ್ಲಿ ಒಂದು ಸಾಸಿವೆಯಷ್ಟೂ ಇರಲಿಲ್ಲ. ಹೋಟೆಲಿನವನು ಮಾತ್ರ ಒಂದು ಟೆಂಪೋ ಊರ ಕಡೆ ಹೋಗಿ ಬಹಳ ಹೊತ್ತಾಯಿತು, ತಿರುಗಿ ಬಂದಿಲ್ಲ ಎಂದನಂತೆ. ಅದನ್ನು ನನಗೆ ಹೇಳುವಾಗ ಚಾಚಾ ನನ್ನ ಕಡೆ ನೋಡಲಿಲ್ಲ.

ಆ ಕಾಲು ತಾಸು ನಾನು ಏನು ಮಾಡಿದೆ ಎಂದು ಸರಿಯಾಗಿ ನೆನಪಿಲ್ಲ. ಒಂದು ಕೈಯಲ್ಲಿ ಫೋನ್ ಹಚ್ಚುತ್ತಲೇ ಇದ್ದೆ. ಹನ್ನೊಂದನೆಯದೋ ಹನ್ನೆರಡನೆಯದೋ ಸಲ ಗಂಟೆ ಬಾರಿಸಿತು. ಜಗದೇವಿ ಎತ್ತಿದಳು.

“ಸೇತುವಿ ದಾಟಬ್ಯಾಡ!” ಎಂದು ಚೀರಿದೆ. “ಹಸಿರು ಸುಳ್ಳು ಅದ. ನಾ ತಪ್ಪು ತುಂಬೀನಿ. ದಾಟಬ್ಯಾಡ್ರಿ!”

ಆ ಕಡೆ ಗಾಳಿಯ ಸದ್ದು. ಆಮೇಲೆ ಅವಳ ದನಿ ಬಂತು, ತಣ್ಣಗೆ. “ಸೇತುವಿ ಮುಂದನ ನಿಂತೇವಿ. ಲಕ್ಷ್ಮವ್ವ ಬಿಟ್ಟಿಲ್ಲ.”

ಲಕ್ಷ್ಮವ್ವ ಯಾರೆಂದು ನನಗೆ ಆಮೇಲೆ ತಿಳಿಯಿತು. ಟೆಂಪೋದಲ್ಲಿ ಕುಳಿತ ಏಳು ಜನ ಮುದುಕಿಯರಲ್ಲಿ ಎಲ್ಲರಿಗಿಂತ ಹಿರಿಯಳು, ಎರಡೂ ಕಣ್ಣಿಗೆ ಪೊರೆ. ಸೇತುವೆಯ ಮೇಲೆ ಕೆಸರುನೀರು ತೆಳ್ಳಗೆ ಹರಿಯುತ್ತಿತ್ತಂತೆ, ಬೆರಳುದ್ದವೂ ಇಲ್ಲ. ಡ್ರೈವರ್ ಜಗದೇವಿಯ ಫೋನು ನೋಡಿ, “ಹಸಿರು ಅದರಿ ಸಿಸ್ಟರ್, ಹೋಗೂಣ” ಎಂದು ಗೇರ್ ಹಾಕಿದನಂತೆ. ಆಗ ಈ ಮುದುಕಿ ಒಳಗಿನಿಂದ ಟೆಂಪೋದ ತಗಡು ಬಡಿದು, “ನಿಂದರ್ಸೋ! ಪೈಪಿನಾಗ ನೀರು ಬೀಳೂ ಸಪ್ಪಳ ಇಲ್ಲ” ಎಂದಳಂತೆ. ಹಳ್ಳ ಹರಿಯುವಾಗ ಆ ಪೈಪುಗಳಿಂದ ಧೋ ಎಂದು ನೀರು ಬೀಳುವ ಸದ್ದು ಇದ್ದೇ ಇರುತ್ತದೆ. ಹಿನ್ನೀರು ಏರಿ ಪೈಪುಗಳು ಮುಳುಗಿದರೆ ಮಾತ್ರ ಎಲ್ಲ ಗಪ್ ಆಗುತ್ತದೆ. ಡ್ರೈವರ್ ಕೇಳಲಿಲ್ಲ. ಮುದುಕಿ ಇಳಿದುಬಿಟ್ಟಳು. ಒಬ್ಬಳು ಇಳಿದರೆ ಉಳಿದವರೂ ಇಳಿದರು. ವಾದ ಮಾಡುತ್ತಾ ನಿಂತಿದ್ದಾಗ ನನ್ನ ಫೋನ್ ಹೋಗಿತ್ತು. ಅವರು ನೋಡುನೋಡುತ್ತಿದ್ದಂತೆ ನೀರು ಸೇತುವೆಯ ಅಂಚಿಗೆ ನೆಟ್ಟ ಕಲ್ಲುಗಳನ್ನು ಮುಚ್ಚಿತು.

ನಾನು ಲ್ಯಾಬಿನ ಬೆಂಚಿನ ಮೇಲೆ ಕುಳಿತು ಅತ್ತೆ. ಚಾಚಾ ಅಳಲು ಬಿಟ್ಟರು. ಆಮೇಲೆ, “ಅವರು ನಿಂತರು. ಬ್ಯಾರೆಯವರು ಇನ್ನಾ ಬರ್ತಾರಲ್ಲ. ಇದನ್ನ ಸರಿ ಮಾಡು” ಎಂದು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕುಳಿತರು.

“ನೀ ತಿದ್ದಿದ್ದು ಎಷ್ಟು ಹೊತ್ತಿಗೆ?”

“ಹತ್ತೂವರಿಗೆ ಚಾಚಾ.”

“ಎಲ್ಲಿ ಬರದದ?”

ಅವರಿಗೆ ಅದೇ ಅಭ್ಯಾಸ. ಅವರ ಪುಸ್ತಕದಲ್ಲಿ ಪ್ರತಿ ಸಾಲೂ ತಾರೀಖಿನಿಂದ ಶುರು, ಆಮೇಲೆ ಗಂಟೆ, ಕೊನೆಗೆ ನೀರಿನ ಮಟ್ಟ. ಹೊತ್ತು ಬರೆಯದ ಅಳತೆ ಅಳತೆಯೇ ಅಲ್ಲ ಎನ್ನುತ್ತಿದ್ದರು. ಅವರನ್ನು ಸಮಾಧಾನ ಮಾಡಲೆಂದೇ ನಾನು ಆ ಕಡತದ ವಿವರ ತೆರೆದು ತೋರಿಸಿದೆ. ಕಡತ ಯಾವಾಗ ತಿದ್ದಿದ್ದು ಎಂದು ಕಂಪ್ಯೂಟರ್ ತಾನೇ ಬರೆದಿಟ್ಟುಕೊಳ್ಳುತ್ತದೆ. ಚಾಚಾ ಕನ್ನಡಕ ಮೇಲೆತ್ತಿ ಪರದೆಯ ಹತ್ತಿರ ಬಾಗಿದರು.

“ಗಂಟಿ ಬರೋಬರ್ ಅದ. ಆದ್ರ ಇದು ಹ್ವಾದ ತಿಂಗಳದ್ದು ಅದಲ್ಲ ಬೇಟಿ?”

ನೋಡಿದೆ. ಹೌದು. ಗಂಟೆ ಆವತ್ತಿನದು, ತಿಂಗಳು ಹಿಂದಿನದು.

ಆ ಕಂಪ್ಯೂಟರ್ ಹಳೆಯದು. ಕರೆಂಟ್ ಹೋಗಿ ಬಂದಾಗಲೆಲ್ಲ ಅದರ ಗಡಿಯಾರ ದಾರಿ ತಪ್ಪುತ್ತಿತ್ತು, ನಾವು ಕೈಯಿಂದ ಸರಿ ಮಾಡುತ್ತಿದ್ದೆವು. ಆ ಮುಂಜಾನೆ ಅವಸರದಲ್ಲಿ ನಾನು ಗಂಟೆ, ನಿಮಿಷ ಸರಿಯಿಟ್ಟು ತಿಂಗಳು ತಪ್ಪಿಟ್ಟಿದ್ದೆ. ಬಿಲ್ಡ್ ಟೂಲ್ ಜಾಣ ಸೋಮಾರಿ. ಎಲ್ಲವನ್ನೂ ಪ್ರತಿ ಸಲ ಹೊಸದಾಗಿ ಕಟ್ಟುವುದಿಲ್ಲ. ಹಿಂದೆ ಕಟ್ಟಿದ ಗಂಟಿನ ತಾರೀಖು, ಕಡತದ ತಾರೀಖು ಎರಡನ್ನೂ ನೋಡುತ್ತದೆ. ಕಡತ ಗಂಟಿಗಿಂತ ಹೊಸದಾಗಿದ್ದರೆ ಮಾತ್ರ ಮತ್ತೆ ಕಟ್ಟುತ್ತದೆ. ಎರಡು ವಾರದ ಹಿಂದೆ ಕಟ್ಟಿದ ಗಂಟಿನ ಮುಂದೆ ನನ್ನ ತಿದ್ದುಪಡಿ ಹಿಂದಿನ ತಿಂಗಳ ಹಳೆಯ ಸರಕಾಗಿ ಕಂಡಿತ್ತು. ಕಟ್ಟುವಂಥದ್ದೇನೂ ಇಲ್ಲ ಎಂದು ಹಸಿರು ಗುರುತು ತೋರಿಸಿ ಸುಮ್ಮನಾಗಿತ್ತು. ಪಾಪ, ಅದು ಸುಳ್ಳು ಹೇಳಿರಲಿಲ್ಲ. ಅದಕ್ಕೆ ಸುಳ್ಳು ಹೇಳಿದವಳು ನಾನು.

ತಿಂಗಳು ಸರಿ ಮಾಡಿದೆ. ಕಡತ ತೆರೆದು ಮತ್ತೊಮ್ಮೆ ಉಳಿಸಿದೆ. ಆಜ್ಞೆ ಕೊಟ್ಟೆ. ಈ ಸಲ ಸಾಲು ಸಾಲಾಗಿ ಅಕ್ಷರ ಹರಿದವು. ಹದಿನೈದು ನಿಮಿಷದಲ್ಲಿ ನನ್ನ ಫೋನಿನಲ್ಲಿ ಆ ದಾರಿ ಕೆಂಪಾಯಿತು. ಚಾಚಾ ತಮ್ಮ ಪುಸ್ತಕ ತೆರೆದು ತಾರೀಖು, ಗಂಟೆ ಬರೆದು, ಮುಂದೆ ಏನೋ ಗೀಚಿ ಎದ್ದುಹೋದರು. ಏನು ಬರೆದರೆಂದು ನಾನು ಕೇಳಲಿಲ್ಲ.

ಜಗದೇವಿ ಹನ್ನೆರಡು ದಿನ ಮಾತನಾಡಲಿಲ್ಲ. ಫೋನ್ ಮಾಡಿದರೆ ಎತ್ತಲಿಲ್ಲ. ಕೊನೆಗೆ ನಾನೇ ಬಸ್ಸು ಹತ್ತಿ ಜೇವರ್ಗಿಗೆ ಹೋದೆ. ಅವಳು ದವಾಖಾನೆಯಿಂದ ಹೊರಗೆ ಬಂದು ಬೇವಿನ ಮರದ ಕೆಳಗೆ ನಿಂತಳು, ಕೂತುಕೋ ಎನ್ನಲಿಲ್ಲ.

“ತಪ್ಪಾಯ್ತು ಬೇ. ಎಂಟು ಅಂತ ತುಂಬಿದ್ದು...”

“ಎಂಟು ತುಂಬಿದ್ದಕ್ಕ ಸಿಟ್ಟಿಲ್ಲ ನಂಗ,” ಎಂದಳು. “ನಾನೂ ಒಂದೆರಡು ಸಲ ತಪ್ಪು ಸೂಜಿ ಎತ್ತೀನಿ, ಚುಚ್ಚೂಕ್ಕಿಂತ ಮುಂಚೆ ನೋಡೀನಿ. ಎಲ್ಲಾರ ಕೈಲೂ ಆಗ್ತದ. ಹತ್ತೂವರಿಗೆ ಗೊತ್ತಾಗಿತ್ತು ನಿನಗ. ಒಂದರತನಕ ಎರಡೂವರಿ ತಾಸು ಬಾಯಿ ಮುಚ್ಚಿಕೊಂಡು ಕುಂತಿದ್ದಿ. ಏಳು ಮಂದಿ ಮುದುಕ್ಯಾರು, ಡ್ರೈವರ್, ನಾನು. ನಮಗಿಂತ ನಿನ್ನ ಮರ್ಯಾದಿ ದೊಡ್ಡದಾತೇನು?”

ಅವಳು ಕಣ್ಣೊರೆಸಿಕೊಂಡು ಒಳಗೆ ಹೋದಳು. ಐದು ನಿಮಿಷದ ಮೇಲೆ ಎರಡು ಕಪ್ ಚಹಾ ತೆಗೆದುಕೊಂಡು ಬಂದಳು. ಒಂದನ್ನು ನನ್ನ ಕೈಗೆ ಕೊಡುವಾಗಲೂ ಮುಖ ಗಂಟು ಹಾಕಿಕೊಂಡೇ ಇದ್ದಳು. ಲಕ್ಷ್ಮವ್ವನಿಗೆ ಆಮೇಲೆ ಶಸ್ತ್ರಚಿಕಿತ್ಸೆಯಾಗಿ ಒಂದು ಕಣ್ಣು ಬಂತು ಎಂದು ಅವಳಿಂದಲೇ ತಿಳಿಯಿತು. ನಾನು ಆ ಮುದುಕಿಯನ್ನು ಇದುವರೆಗೆ ನೋಡಿಲ್ಲ. ಹೋಗಬೇಕು, ಆದರೆ ಹೋಗಿ ಏನು ಹೇಳಬೇಕು ಎನ್ನುವುದೇ ಹೊಳೆಯುವುದಿಲ್ಲ.

ಇವತ್ತು ಲ್ಯಾಬಿಗೆ ಬಂದು ಕುಳಿತಾಗ ಹತ್ತು ಗಂಟೆ. ಈ ವರ್ಷ ಹೊಸದಾಗಿ ಸೇರಿಸಿದ ದಾರಿಗಳನ್ನು ತಾಳೆ ನೋಡುತ್ತಾ ಹೋದೆ. ಎರಡು ಕಡೆ ಅಂಕಿ ಅದಲುಬದಲಾಗಿದ್ದವು. ಯಾರ ಕೈಯಿಂದ ಎಂದು ಹೇಳಬೇಕಾಗಿಲ್ಲ. ತಿದ್ದಿ ಆಜ್ಞೆ ಕೊಟ್ಟೆ. ಈ ಸಲ ಟೂಲ್ ಕೆಂಪಕ್ಷರದಲ್ಲಿ ಪುಟಗಟ್ಟಲೆ ಬೈದು ನಿಂತುಕೊಂಡಿತು. ಮೊದಲ ಸಾಲು ಓದಿದೆ, ಅರ್ಥವಾಗಲಿಲ್ಲ. ಎರಡನೆಯ ಸಾಲಿಗೆ ಹೋಗದೆ ಫೋನ್ ಎತ್ತಿಕೊಂಡೆ.

“ಏನ್ ಕೆಡಿಸೀದಿ ಬೇ?” ಎಂದಳು ಜಗದೇವಿ, ಮೊದಲ ಗಂಟೆಗೇ ಎತ್ತಿ.

“ಎರಡು ದಾರಿ ತಪ್ಪು ತೋರಸಾಕತ್ತಾವ. ಹೆಸರು ಬರಕೋ. ತಿದ್ದೀನಿ, ಆದ್ರ ಹೋಗವಲ್ದು. ಯಾಕ ಅಂತ ಇನ್ನಾ ಗೊತ್ತಿಲ್ಲ.”

ಅವಳು ಬರೆದುಕೊಂಡಳು. ಪೆನ್ನಿನ ಸದ್ದು ನನಗೆ ಕೇಳಿಸಿತು.

“ಆತು. ಊರಾಗ ನಾ ಹೇಳ್ತೇನಿ, ಚಾಚಾಗೂ ಹೇಳ್ತೇನಿ. ನೀ ಸಾವಕಾಶ ಹುಡುಕು.”

ಫೋನ್ ಇಟ್ಟು ಕುರ್ಚಿ ಮುಂದೆ ಎಳೆದುಕೊಂಡು ಎರಡನೆಯ ಸಾಲು ಓದತೊಡಗಿದೆ.