ಬೆಂಕಿಯ ಚಿತ್ರದ ಕೆಳಗೆ

ಭಾನುವಾರ ಸೊಲ್ಲಾಪುರದಿಂದ ಅಕ್ಕಲಕೋಟೆಯ ಬಸ್ಸು ಹತ್ತುವ ಮುನ್ನವೇ ನನಗೆ ಸಿಟ್ಟು ಬಂದಿರುತ್ತದೆ. ಅಲ್ಲಿ ನನ್ನ ಸೋದರತ್ತೆ ತನ್ನ ಮನೆಯ ಪಡಸಾಲೆಯಲ್ಲಿ ಮಕ್ಕಳಿಗೆ ಸಂಡೇ ಸ್ಕೂಲ್ ನಡೆಸುತ್ತಾಳೆ. ಅವಳ ಮೊಣಕಾಲು ನೋವು ಹೆಚ್ಚಾದ ಮೇಲೆ ಪಾಠ ನನ್ನ ಪಾಲಿಗೆ ಬಂತು. ಗೋಡೆ ಮಾತ್ರ ಅವಳದೇ. ಅದರ ಮೇಲೆ ಎರಡು ದಾರಿಗಳ ಬಟ್ಟೆಯ ಚಿತ್ರವಿದೆ: ಇಕ್ಕಟ್ಟಾದ ದಾರಿ ಬೆಳಕಿನ ಊರಿಗೆ, ಅಗಲವಾದದ್ದು ಬೆಂಕಿಗೆ. ಹಿಂದಿನ ವಾರ ತಪ್ಪಿಸಿದ ಮಕ್ಕಳು ಆ ಬೆಂಕಿಯ ಕೆಳಗೆ ನಿಂತು ಕಾರಣ ಹೇಳಬೇಕು. ಚಿಕ್ಕವಳಿದ್ದಾಗ ನಾನೂ ನಿಂತಿದ್ದೇನೆ. ಬೈಬಲ್ಲಿನ ವಚನಗಳನ್ನು ಬಾಯಿಪಾಠ ಮಾಡಿದ್ದು ದೇವರ ಮೇಲಿನ ಪ್ರೀತಿಯಿಂದಲ್ಲ, ಆ ಜಾಗದಿಂದ ದೂರವಿರಲು. ಎಂ.ಎ. ಮುಗಿಸಿದ್ದೇನೆ, ಪ್ರಾರ್ಥನೆಗೆ ಕಣ್ಣು ಮುಚ್ಚಿದರೆ ಈಗಲೂ ಮೊದಲು ಕಾಣುವುದು ಆ ಕೆಂಪು ಬಣ್ಣ.

ಕಳೆದ ತಿಂಗಳು ಅಲ್ಲಿ ನಿಂತವಳು ಎಂಟು ವರ್ಷದ ಹುಡುಗಿ. ತಾಯಿ ಚರ್ಚಿಗೆ ಬರುತ್ತಾಳೆ. ಕುರಿ ಸಾಕುವ ತಂದೆ ಚರ್ಚಿಗೆ ಬಾರದವನು, ಕುರುಬರ ದೇವರು ಬೀರೋಬಾನ ಭಕ್ತ.

"ಅಪ್ಪನ ಕೂಡ ಕುರಿ ಕಾಯಾಕ ಹೋಗಿದ್ನಿರಿ."

ಅವಳನ್ನು ಕೂರಿಸಿ ಬೈಬಲ್ಲಿನ ಕಳೆದುಹೋದ ಕುರಿಯ ಕಥೆ ಹೇಳಿದೆ. "ತಪ್ಪಿಸಿಕೊಂಡ ಕುರಿ ಸಿಕ್ರ ನಿಮ್ಮಪ್ಪ ಏನ್ ಮಾಡ್ತಾನ?"

"ಮೊದಲ ಬೈತಾನ್ರಿ. ಆಮ್ಯಾಲ ಹೆಗಲಮ್ಯಾಲ ಹೊತ್ಕೊಂಡ್ ಬರ್ತಾನ."

ಮಕ್ಕಳು ನಕ್ಕರು. ದೇವರೂ ಹಂಗ, ಅಂದೆ. ಅವಳು ನಗಲಿಲ್ಲ.

"ಹಂಗಾರ ಅಪ್ಪನ್ನ ಆ ಬೆಂಕ್ಯಾಗ ಹಾಕೂದಿಲ್ಲೇನ್ರಿ ಅಕ್ಕಾರ? ನಾ ದಿನಾ ಪ್ರಾರ್ಥನಾ ಮಾಡಾಕತ್ತೀನಿ. ಒಂದಿನ ಮರತ್ರ?"

"ಹಾಕೂದಿಲ್ಲ," ಅಂದೆ.

ಬಾಗಿಲಲ್ಲಿ ಜೋಳ ಹಸನು ಮಾಡುತ್ತಿದ್ದ ಅತ್ತೆ ಮೊರ ಕೆಳಗಿಟ್ಟಳು. "ಭಾರಿ ಶಾಣ್ಯಾಕಿ ಆಗೀದಿ ನೀ. ಅಂಜಿಕಿ ಇಲ್ದ ಒಂದ್ ಕೂಸರ ಇಲ್ಲಿ ಬರ್ತೈತೇನ? ನೀ ಯಾಕ ಬರ್ತಿ, ಹೇಳ?"

ಉತ್ತರ ನನಗೆ ಗೊತ್ತಿತ್ತು. ಬರದಿದ್ದರೆ ಏನಾದೀತೋ ಎಂಬ ಅಂಜಿಕೆಯಿಂದ. ಅದನ್ನು ಹೇಳಿದ್ದರೆ ಅವಳೇ ಗೆಲ್ಲುತ್ತಿದ್ದಳು. ಚಿತ್ರ ಇಳಿಸಿ ಸುತ್ತಿಟ್ಟೆ.

"ಮೊಳಿ ಕೀಳಬ್ಯಾಡ," ಅಂದಳು ಅತ್ತೆ. "ನಾಳಿ ಮತ್ತ ಹಚ್ಚೂದೈತಿ."

ಮುಂದಿನ ವಾರ ಚಿತ್ರ ಅಲ್ಲೇ ಇತ್ತು. ನಾನು ಒಳಗೆ ಬರುವಷ್ಟರಲ್ಲಿ ಆ ಹುಡುಗಿ, ಯಾರೂ ಹೇಳದಿದ್ದರೂ, ಅದರ ಕೆಳಗೆ ಕೈಕಟ್ಟಿ ನಿಂತಿದ್ದಳು.

"ನೀ ತಪ್ಪಿಸಿಲ್ಲಲ್ಲಾ, ಯಾಕ ನಿಂತಿ?"

"ಮುಂದಿನ ವಾರ ಕುರಿ ಕಾಯಾಕ ಹೋಗಬೇಕ್ರಿ. ಈಗ ನಿಂತ್ರ ನಡೀತೈತೇನ್ರಿ?"

ಅಡುಗೆಮನೆಗೆ ಹೋಗಿ ಇಕ್ಕಳ ತಂದೆ. ಮೊಳೆಯ ಜೊತೆ ಗೋಡೆಯ ಗಿಲಾವೂ ಅಂಗೈಯಗಲ ಕಳಚಿ ಬಿತ್ತು. ಅತ್ತೆ ನನ್ನ ಹೆಸರು ಹಿಡಿದು ಕೂಗಿದಳು. ಚಿತ್ರ ನೆಲದ ಮೇಲೆ ಮಗುಚಿ ಬಿದ್ದಿತ್ತು.

ಹುಡುಗಿ ಖಾಲಿ ಗೋಡೆಯನ್ನೂ ನನ್ನನ್ನೂ ನೋಡಿದಳು.

"ಮತ್ತ ನಾ ಎಲ್ಲಿ ನಿಂದರ್ಲಿರಿ, ಅಕ್ಕಾರ?"