ಬಿಗಿಯಣ್ಣನ ಹಳದಿ ಚುಕ್ಕೆ

ಟೈರ್ ಅಂಗಡಿಯ ಬಿಗಿಯಣ್ಣನನ್ನು ನಿಜವಾದ ಹೆಸರು ಹಿಡಿದು ಕರೆದರೆ ಅವನು ತಿರುಗಿಯೂ ನೋಡುತ್ತಿರಲಿಲ್ಲ. ಚಕ್ರದ ನಟ್ಟುಗಳನ್ನು ಕೈಯಲ್ಲಿ ಬಿಗಿದ ಮೇಲೆ ಸ್ಪ್ಯಾನರಿನ ಹಿಡಿಯ ಮೇಲೆ ಹತ್ತಿ ಒಂದು ಸಲ ಜಿಗಿಯುವುದು, ಆಮೇಲೆ ಪ್ರತಿ ನಟ್ಟಿಗೂ ಹಳದಿ ಬಣ್ಣದ ಚುಕ್ಕೆ ಇಡುವುದು ಅವನ ಪದ್ಧತಿ. ಮೂವತ್ತು ವರ್ಷದಲ್ಲಿ ತಾನು ಹಾಕಿದ ಒಂದು ಚಕ್ರವೂ ಕಳಚಿಲ್ಲ ಎಂದು ಎದೆ ತಟ್ಟಿ ಹೇಳುತ್ತಿದ್ದ. ಕಳಚುವುದಿರಲಿ, ಬಿಚ್ಚಲೂ ಬರುತ್ತಿರಲಿಲ್ಲ.

ಬೇಕಾದಷ್ಟು ಬಿಗಿಯಾದಾಗ ಟಕ್ ಎನ್ನುವ ಅಳತೆಯ ಸ್ಪ್ಯಾನರೊಂದನ್ನು ಮಗಳು ತಂದಿಟ್ಟಿದ್ದಳು. "ಟಕ್ ಟಕ್ ಕೇಳ್ಕೊಂಡು ಕೂರೋಕೆ ನಾನೇನು ಗಡಿಯಾರ ರಿಪೇರಿಯವನಾ?" ಎಂದು ಅವನು ಅದನ್ನು ಮುಟ್ಟಿರಲಿಲ್ಲ.

ಒಂದು ಬೆಳಿಗ್ಗೆ ನರ್ಸೊಬ್ಬಳು ಗಾಳಿ ಇಳಿದ ಚಕ್ರದಲ್ಲೇ ತನ್ನ ಅಣ್ಣನ ಕಾರನ್ನು ಹೇಗೋ ಅಂಗಡಿ ಮುಟ್ಟಿಸಿದಳು.

"ನಿನ್ನೆ ಪಂಕ್ಚರ್ ಆಯ್ತು. ಒಂದು ನಟ್ ಸುಮ್ನೆ ತಿರುಗ್ತಾನೇ ಇತ್ತು, ಬರ್ಲೇ ಇಲ್ಲ. ಮಗು ಬೇರೆ ಜೊತೇಲಿತ್ತು. ಎರಡು ಗಂಟೆ ರಸ್ತೇಲೇ ನಿಂತಿದ್ದೆ. ಯಾವ ಪುಣ್ಯಾತ್ಮ ಬಿಗಿದಿದ್ನೋ!"

ಮಗಳು ಕುಕ್ಕರಗಾಲಿನಲ್ಲಿ ಕೂತು ನೋಡಿದಳು. ಅತಿ ಬಿಗಿತಕ್ಕೆ ಒಳಗಿನ ಬೋಲ್ಟನ್ನು ತಿರುಗದಂತೆ ಹಿಡಿದಿಡುವ ಹಲ್ಲು ಕಿತ್ತುಹೋಗಿ, ನಟ್ಟಿನ ಜೊತೆ ಬೋಲ್ಟೂ ತಿರುಗುತ್ತಿತ್ತು. ಹೆಬ್ಬೆರಳಿನಿಂದ ಕೆಸರು ಒರೆಸಿದಾಗ ಹಳದಿ ಚುಕ್ಕೆ ಕಂಡಿತು. ಅದೇ ಹೆಬ್ಬೆರಳಿನಿಂದ ಅವಳು ಕೆಸರನ್ನು ಮತ್ತೆ ಮೆತ್ತಿದಳು.

ಹಿಂದೆ ನಿಂತಿದ್ದ ಅಪ್ಪ ಎರಡನ್ನೂ ನೋಡಿದ. ಗ್ರೈಂಡರಿನಿಂದ ನಟ್ಟಿನ ಪಕ್ಕವನ್ನು ಕೊಯ್ದ, ಉಳಿ ಇಟ್ಟು ಸುತ್ತಿಗೆಯಿಂದ ಹೊಡೆದ. ನಾಲ್ಕನೆಯ ಏಟಿಗೆ ನಟ್ಟು ಸೀಳಿತು. ಹಳೆಯ ಬೋಲ್ಟನ್ನು ಹೊಡೆದು ತೆಗೆದು ಹೊಸದನ್ನು ಕೂರಿಸಿದ. ಸೀಳಿದ ನಟ್ಟನ್ನು ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ ನರ್ಸಿನ ಮುಂದೆ ಹಿಡಿದ.

"ಆ ಪುಣ್ಯಾತ್ಮ ನಾನೇ ಅಮ್ಮಾ. ಇದು ನನ್ನ ಗುರುತು."

"ಅಪ್ಪಾ, ಬಿಡು," ಎಂದಳು ಮಗಳು.

"ಏನು ಬಿಡೋದು? ಚಕ್ರ ಕಳಚಿಲ್ಲ ಅಂತ ಜಂಬ ಕೊಚ್ಕೊಂಡೆ. ಬಿಚ್ಚೋಕಾಗ್ದೆ ಎಷ್ಟು ಜನ ಹೀಗೆ ರಸ್ತೇಲಿ ನಿಂತರೋ, ಅದು ನನಗೆ ಹೇಗೆ ಗೊತ್ತಾಗ್ಬೇಕು?" ಅವನಿಗೆ ನಾಚಿಕೆಯಾಗಿತ್ತು, ಅದನ್ನು ಮುಚ್ಚಿಡಲಿಲ್ಲ.

ಪಂಕ್ಚರ್ ಹಾಕಿದ ಚಕ್ರವನ್ನು ಕೂರಿಸಿ, ಅಳತೆಯ ಸ್ಪ್ಯಾನರ್ ತರಿಸಿಕೊಂಡ. ಐದು ನಟ್ಟನ್ನೂ ಟಕ್ ಎನ್ನುವವರೆಗೆ ಬಿಗಿದ, ಜಿಗಿಯಲಿಲ್ಲ. ಆಮೇಲೆ ಕಾರಿನ ಜೊತೆ ಬರುವ ಗಿಡ್ಡ ಸ್ಪ್ಯಾನರನ್ನು ನರ್ಸಿನ ಕೈಗೆ ಕೊಟ್ಟ.

"ಒಂದೊಂದನ್ನೇ ನೀವೇ ಸಡಿಲಿಸಿ ನೋಡಿ."

ಅವಳು ಎರಡೂ ಕೈ ಹಾಕಿ ಒತ್ತಿದಳು. ನಟ್ಟು ಕಿರ್ರೆಂದು ಸಡಿಲವಾಯಿತು. ಐದನ್ನೂ ನೋಡಿದ್ದಾಯಿತು. ಅವನು ಮತ್ತೆ ಟಕ್ ಅನ್ನಿಸಿ ಬಿಗಿದು, ಆಮೇಲೆ ಬಣ್ಣದ ಡಬ್ಬಿ ತೆಗೆದ.